ಕಿಲೋಮೀಟರ್ ಲೆಕ್ಕ ಸಿಗುತ್ತದೆ, ಡೆಸಿಬಲ್ ಲೆಕ್ಕ ಎಲ್ಲಿ?

ಗ್ರಾಮ ಪಂಚಾಯಿತಿ ಕಚೇರಿಗಳಿಗೆ ಹೋದವರು ಗೋಡೆಗೆ ಹೊಡೆದ ಒಂದು ಪೆಟ್ಟಿಗೆಯನ್ನು ನೋಡಿರುತ್ತೀರಿ. ಭಾರತ್‌ನೆಟ್ ಹೆಸರಿನಲ್ಲಿ ಊರಿಗೆ ಬಂದ ಫೈಬರ್ ಕೇಬಲ್ ಕೊನೆಯಾಗುವುದು ಅಲ್ಲಿ. ಕೆಲವು ಕಡೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇನ್ನು ಕೆಲವು ಕಡೆ ‘ಎಲ್‌ಓಎಸ್’ ಎಂದು ಬರೆದ ಕೆಂಪು ದೀಪ ಮಿಣುಕುತ್ತಲೇ ಇರುತ್ತದೆ. ಪಿಡಿಒ ತಮ್ಮ ಮೊಬೈಲ್‌ನ ಹಾಟ್‌ಸ್ಪಾಟ್ ಹಾಕಿಕೊಂಡು ಇ-ಸ್ವತ್ತು ತೆರೆಯಲು ಹೆಣಗುತ್ತಿರುತ್ತಾರೆ. ಆ ಕೆಂಪು ದೀಪ ಹೇಳುವುದು ಒಂದೇ ಮಾತು: ಬೆಳಕು ಬರುತ್ತಿಲ್ಲ, ಅಥವಾ ಬಂದರೂ ಸಾಲುತ್ತಿಲ್ಲ.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಈ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಅದರ ಹೆಸರು ನ್ಯಾಷನಲ್ ಆಪ್ಟಿಕಲ್ ಫೈಬರ್ ನೆಟ್‌ವರ್ಕ್. ದೇಶದ ಸುಮಾರು 2.5 ಲಕ್ಷ ಪಂಚಾಯಿತಿಗಳಿಗೂ ಫೈಬರ್ ಮುಟ್ಟಿಸುವುದು ಗುರಿ. 2015ರಲ್ಲಿ ಹೆಸರು ಭಾರತ್‌ನೆಟ್ ಆಯಿತು. ಒಂದು ಲಕ್ಷ ಪಂಚಾಯಿತಿ ದಾಟಿ ಮೊದಲ ಹಂತ ಮುಗಿದದ್ದು 2017ರ ಡಿಸೆಂಬರ್‌ನಲ್ಲಿ. 2023ರ ಆಗಸ್ಟ್‌ನಲ್ಲಿ ಪರಿಷ್ಕೃತ ಯೋಜನೆಗೆ 1,39,579 ಕೋಟಿ ರೂಪಾಯಿ ಮಂಜೂರಾಯಿತು. ಇಷ್ಟೂ ವರ್ಷ ಈ ಕತೆಯನ್ನು ನಮಗೆ ಹೇಳಿದ್ದು ಎರಡೇ ಲೆಕ್ಕದಲ್ಲಿ: ಎಷ್ಟು ಕಿಲೋಮೀಟರ್ ಕೇಬಲ್ ಎಳೆದಾಯಿತು, ಎಷ್ಟು ಪಂಚಾಯಿತಿ ‘ಸರ್ವೀಸ್ ರೆಡಿ’ ಆಯಿತು. ಫೈಬರ್ ಸಾಯುವುದು ಮಾತ್ರ ಬೇರೊಂದು ಲೆಕ್ಕದಲ್ಲಿ. ಆ ಲೆಕ್ಕದ ಹೆಸರು ಡೆಸಿಬಲ್, ಕೆಲಸಗಾರರ ಬಾಯಲ್ಲಿ ‘ಡಿಬಿ’. ಅದನ್ನು ಅರ್ಥ ಮಾಡಿಕೊಳ್ಳಲು ಎಂಜಿನಿಯರಿಂಗ್ ಓದಬೇಕಿಲ್ಲ, ಎಸ್ಸೆಸ್ಸೆಲ್ಸಿ ವಿಜ್ಞಾನ ಸಾಕು. ಪಂಚಾಯಿತಿ ಸದಸ್ಯರು, ಊರಿನ ಕೇಬಲ್ ಹುಡುಗರು, ಮನೆಗೆ ಫೈಬರ್ ಹಾಕಿಸಿಕೊಂಡವರು ಇಷ್ಟನ್ನು ತಿಳಿದುಕೊಂಡರೆ ‘ಸರ್ವರ್ ಡೌನ್ ಇದೆ ಸರ್’ ಎಂಬ ಉತ್ತರಕ್ಕೆ ತಲೆಯಾಡಿಸಿ ವಾಪಸ್ ಬರುವುದು ತಪ್ಪುತ್ತದೆ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಗಾಜಿನೊಳಗೆ ಏನಿದೆ

ಕೇಬಲ್‌ನ ಕಪ್ಪು ಹೊದಿಕೆ ಸುಲಿದರೆ ಒಳಗೆ ಬಣ್ಣಬಣ್ಣದ ಸಣ್ಣ ಟ್ಯೂಬುಗಳು. ನೀರು ಒಳಗೆ ಇಳಿಯದಿರಲಿ ಎಂದು ಅವುಗಳಲ್ಲಿ ಅಂಟಂಟಾದ ಜೆಲ್ ತುಂಬಿರುತ್ತಾರೆ. ಆ ಟ್ಯೂಬಿನೊಳಗೆ ಕೂದಲೆಳೆಯಂಥ ಫೈಬರ್‌ಗಳು. ಒಂದು ಎಳೆಯ ಮೇಲಿನ ಪ್ಲಾಸ್ಟಿಕ್ ಲೇಪವೂ ಸೇರಿ ದಪ್ಪ 250 ಮೈಕ್ರಾನ್, ಅಂದರೆ ಕಾಲು ಮಿಲಿಮೀಟರ್. ಲೇಪ ತೆಗೆದರೆ ಉಳಿಯುವ ಗಾಜು 125 ಮೈಕ್ರಾನ್. ಆ ಗಾಜಿನಲ್ಲೂ ಬೆಳಕು ಹರಿಯುವುದು ನಟ್ಟನಡುವಿನ ಸುಮಾರು 9 ಮೈಕ್ರಾನ್ ಜಾಗದಲ್ಲಿ ಮಾತ್ರ. ಅದು ಕೋರ್, ಅದರ ಸುತ್ತಲಿನದು ಕ್ಲಾಡಿಂಗ್.

ಎರಡೂ ಸಿಲಿಕಾ ಗಾಜೇ. ಕೋರ್‌ಗೆ ಮಾತ್ರ ತುಸು ಜರ್ಮೇನಿಯಂ ಸೇರಿಸಿ ಅದರ ವಕ್ರೀಭವನ ಸೂಚ್ಯಂಕವನ್ನು ಒಂದಿಷ್ಟು ಏರಿಸಿರುತ್ತಾರೆ. ನೀರು ತುಂಬಿದ ಗಾಜಿನ ಲೋಟವನ್ನು ಕಣ್ಣಿಗಿಂತ ಎತ್ತರಕ್ಕೆ ಹಿಡಿದು ಕೆಳಗಿನಿಂದ ಓರೆಯಾಗಿ ನೋಡಿದರೆ ನೀರಿನ ಮೇಲ್ಮೈ ಬೆಳ್ಳಿಯ ತಟ್ಟೆಯಂತೆ ಹೊಳೆಯುತ್ತದೆ, ಆಚೆಗಿನದು ಕಾಣುವುದಿಲ್ಲ. ಬೆಳಕು ಮೇಲೆ ದಾಟಲಾಗದೆ ಪೂರ್ತಿ ಒಳಕ್ಕೇ ತಿರುಗಿ ಬರುತ್ತದೆ. ಶಾಲೆಯಲ್ಲಿ ಪೂರ್ಣ ಆಂತರಿಕ ಪ್ರತಿಫಲನ ಎಂದು ಓದಿದ್ದು ಇದನ್ನೇ. ಕೋರ್‌ನಿಂದ ಹೊರಬರಲು ನೋಡುವ ಬೆಳಕನ್ನು ಕ್ಲಾಡಿಂಗ್ ಹೀಗೆಯೇ ಒಳಗೆ ಇರಿಸುತ್ತದೆ. 9 ಮೈಕ್ರಾನ್‌ನಷ್ಟು ಕಿರಿದಾದ ಜಾಗದಲ್ಲಿ ಬೆಳಕು ಗೆರೆಯಂತೆ ಪುಟಿಯುತ್ತಾ ಹೋಗುತ್ತದೆ ಎನ್ನುವುದಕ್ಕಿಂತ ಅಲೆಯಾಗಿ ಸಾಗುತ್ತದೆ ಎನ್ನುವುದು ಹೆಚ್ಚು ನಿಜ. ಕೆಲಸ ಕಲಿಯುವವರಿಗೆ ಮೊದಲ ಚಿತ್ರವೇ ಸಾಕು.

ಬಾಗಿದ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಬಹುದು ಎಂದು 1950ರ ದಶಕದಲ್ಲೇ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪಂಜಾಬಿನ ನರಿಂದರ್ ಸಿಂಗ್ ಕಪಾನಿ ಮತ್ತು ಅವರ ಗುರು ಹೆರಾಲ್ಡ್ ಹಾಪ್ಕಿನ್ಸ್ ತೋರಿಸಿದ್ದರು. ದೂರದ ಸಂಪರ್ಕಕ್ಕೆ ಅದು ಆಗುತ್ತಿರಲಿಲ್ಲ. ಆ ಕಾಲದ ಗಾಜಿನಲ್ಲಿ ಕಿಲೋಮೀಟರಿಗೆ 1000 ಡಿಬಿ ನಷ್ಟವಾಗುತ್ತಿತ್ತು, ಅಂದರೆ ಇಪ್ಪತ್ತೇ ಮೀಟರ್‌ಗಳಲ್ಲಿ ಬೆಳಕು ಬಹುತೇಕ ಮುಗಿದುಹೋಗುತ್ತಿತ್ತು. ತಪ್ಪು ಗಾಜಿನದಲ್ಲ, ಅದರೊಳಗಿನ ಕಲ್ಮಶದ್ದು ಎಂದು 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ವಾದಿಸಿದರು. ಕಿಲೋಮೀಟರಿಗೆ 20 ಡಿಬಿಗಿಂತ ಕಡಿಮೆಗೆ ಇಳಿಸಿದರೆ ಫೋನ್ ಸಂಪರ್ಕಕ್ಕೆ ಬಳಸಬಹುದು ಎಂದರು. ನಾಲ್ಕೇ ವರ್ಷದಲ್ಲಿ, 1970ರಲ್ಲಿ, ಅಮೆರಿಕದ ಕಾರ್ನಿಂಗ್ ಕಂಪನಿಯ ಮೂವರು ವಿಜ್ಞಾನಿಗಳು 17 ಡಿಬಿಯ ಎಳೆ ತೆಗೆದರು. ಕಾವೊ ಅವರಿಗೆ 2009ರಲ್ಲಿ ನೊಬೆಲ್ ಬಂತು. ಇವತ್ತು ನಮ್ಮ ರಸ್ತೆ ಬದಿಯಲ್ಲಿ ಹೂಳುವ ಮಾಮೂಲಿ ಫೈಬರ್‌ನಲ್ಲಿ 1550 ನ್ಯಾನೋಮೀಟರ್ ಅಲೆಯುದ್ದದ ಬೆಳಕಿಗೆ ನಷ್ಟ ಕಿಲೋಮೀಟರಿಗೆ ಸುಮಾರು 0.2 ಡಿಬಿ.

ಡಿಬಿ ಎಂದರೆ ಇಷ್ಟೇ: 3 ಡಿಬಿ ಹೋದರೆ ಬೆಳಕು ಅರ್ಧ ಆಯಿತು. 10 ಡಿಬಿ ಹೋದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು. 20 ಹೋದರೆ ನೂರರಲ್ಲಿ ಒಂದು. ಹೀಗಾಗಿ ಕಾವೊ ಹಾಕಿದ 20 ಡಿಬಿ ಗುರಿ ಎಂದರೆ ಒಂದು ಕಿಲೋಮೀಟರ್ ಆಚೆ ನೂರರಲ್ಲಿ ಒಂದು ಪಾಲು ಬೆಳಕು. ಇವತ್ತಿನ ಗಾಜಿನಲ್ಲಿ 15 ಕಿಲೋಮೀಟರ್ ದಾಟಿದರೂ ಅರ್ಧ ಬೆಳಕು ಉಳಿದಿರುತ್ತದೆ. ಡಿಬಿಯ ದೊಡ್ಡ ಅನುಕೂಲವೆಂದರೆ ನಷ್ಟಗಳನ್ನು ಗುಣಿಸುತ್ತಾ ಕೂರಬೇಕಿಲ್ಲ, ಕೂಡಿದರೆ ಸಾಕು.

ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನೇ ಏಕೆ ಬಳಸುತ್ತಾರೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಗಾಜಿನ ಕಣಗಳು ಬೆಳಕನ್ನು ಚೆದುರಿಸುತ್ತವೆ. ಅಲೆಯುದ್ದ ಕಡಿಮೆಯಾದಷ್ಟೂ ಚೆದುರುವಿಕೆ ವಿಪರೀತ ಹೆಚ್ಚು. ಆಕಾಶ ನೀಲಿಯಾಗಿ ಕಾಣುವುದಕ್ಕೂ ಇದೇ ಕಾರಣ. ಹಾಗಾಗಿ 1310, 1490, 1550 ನ್ಯಾನೋಮೀಟರ್‌ನಂಥ ಉದ್ದದ ಅಲೆಗಳನ್ನು ಆರಿಸಿಕೊಂಡರು. ಕಾಣುವುದಿಲ್ಲ ಎಂದು ಯಾರೂ ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು, ಮಕ್ಕಳ ಕೈಗೂ ಕೊಡಬಾರದು. ಕಾಣದ ಲೇಸರ್ ಕಣ್ಣಿಗೆ ಹೆಚ್ಚು ಅಪಾಯ, ಏಕೆಂದರೆ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ. ಚೆದುರುವಿಕೆಯ ಮಾತು ಬಂದಾಗ ಸಿ.ವಿ. ರಾಮನ್ ಅವರನ್ನು ನೆನೆಯಬೇಕು. 1933ರಿಂದ ಕೊನೆಯವರೆಗೂ ಬೆಂಗಳೂರಿನಲ್ಲಿದ್ದ ಅವರು ಅದಕ್ಕೂ ಮೊದಲು ಕಲ್ಕತ್ತಾದಲ್ಲಿ ಕಂಡುಕೊಂಡ ಪರಿಣಾಮವನ್ನು ಇವತ್ತು ದೂರದೂರದ ಫೈಬರ್ ಮಾರ್ಗಗಳಲ್ಲಿ ಬೆಳಕನ್ನು ಮತ್ತೆ ಬಲಪಡಿಸಲು ಬಳಸುತ್ತಾರೆ. ರಾಮನ್ ಆಂಪ್ಲಿಫೈಯರ್ ಎಂದೇ ಅದಕ್ಕೆ ಹೆಸರು.

28 ಡಿಬಿ ಎಲ್ಲಿಗೆ ಹೋಗುತ್ತದೆ

ಭಾರತ್‌ನೆಟ್‌ನ ಮೊದಲ ಹಂತದಲ್ಲೂ ನಮ್ಮ ಮನೆಗಳ ಫೈಬರ್ ಇಂಟರ್‌ನೆಟ್‌ನಲ್ಲೂ ಬಳಕೆಯಾದದ್ದು ಜಿಪಾನ್ ಎಂಬ ತಂತ್ರಜ್ಞಾನ. ತಾಲ್ಲೂಕು ಕೇಂದ್ರದ ಎಕ್ಸ್‌ಚೇಂಜ್‌ನಲ್ಲಿ ಓಎಲ್‌ಟಿ ಎಂಬ ಉಪಕರಣ, ಈ ತುದಿಯಲ್ಲಿ ಓಎನ್‌ಟಿ, ಅಂದರೆ ಪಂಚಾಯಿತಿಯ ಗೋಡೆಯ ಪೆಟ್ಟಿಗೆ ಅಥವಾ ಮನೆಯ ಮೋಡೆಮ್. ನಡುವೆ ಕರೆಂಟ್ ಬೇಕಾದ ಉಪಕರಣ ಒಂದೂ ಇಲ್ಲ. ಒಂದೇ ಬೆಳಕನ್ನು ಹಲವು ಎಳೆಗಳಿಗೆ ಹಂಚುವ ಸ್ಪ್ಲಿಟರ್ ಮಾತ್ರ. ಕೆಳಮುಖವಾಗಿ 2.5 ಗಿಗಾಬಿಟ್, ಮೇಲ್ಮುಖವಾಗಿ 1.25 ಗಿಗಾಬಿಟ್ ವೇಗ. ಸಾಮಾನ್ಯವಾಗಿ ಬಳಸುವ ದರ್ಜೆಯಲ್ಲಿ ಈ ತುದಿಯಿಂದ ಆ ತುದಿಗೆ 28 ಡಿಬಿ ನಷ್ಟವನ್ನು ತಡೆದುಕೊಳ್ಳಬಹುದು. ಹೊರಟ ಬೆಳಕಿನಲ್ಲಿ 630ರಲ್ಲಿ ಒಂದು ಪಾಲು ಮುಟ್ಟಿದರೂ ನಡೆಯುತ್ತದೆ ಎಂದರ್ಥ. ಧಾರಾಳವೇ.

ಒಂದು ಲೆಕ್ಕ ಹಾಕಿ ನೋಡೋಣ. ತಾಲ್ಲೂಕು ಕೇಂದ್ರದಿಂದ 12 ಕಿಲೋಮೀಟರ್ ದೂರದ ಪಂಚಾಯಿತಿ. 1310ರ ಅಲೆಗೆ ಕಿಲೋಮೀಟರಿಗೆ 0.35 ಡಿಬಿಯಂತೆ ಗಾಜಿನಲ್ಲೇ 4.2 ಡಿಬಿ ಹೋಯಿತು. ಕೇಬಲ್ ಬರುವುದು ಡ್ರಮ್‌ಗಳಲ್ಲಿ. ಎರಡೆರಡು ಕಿಲೋಮೀಟರಿನ ಡ್ರಮ್ ಎಂದರೆ ನಡುವೆ ಐದು ಜಾಯಿಂಟ್, ಎರಡು ತುದಿಗೆ ಒಂದೊಂದು. ಒಟ್ಟು ಏಳು, ತಲಾ 0.1 ಡಿಬಿ ಎಂದರೆ 0.7. ನಾಲ್ಕು ಕನೆಕ್ಟರ್‌ಗೆ ತಲಾ ಅರ್ಧ ಡಿಬಿ, ಎರಡು. ನಾಲ್ಕು ದಾರಿಯ ಸ್ಪ್ಲಿಟರ್‌ಗೆ ಸುಮಾರು 7.3. ಎಲ್ಲ ಕೂಡಿದರೆ 14.2 ಡಿಬಿ. 28 ಡಿಬಿಯಲ್ಲಿ ಅರ್ಧದಷ್ಟು ಕೈಯಲ್ಲೇ ಉಳಿಯಿತು. ಉದ್ಘಾಟನೆಯ ದಿನ ಹಸಿರು ದೀಪ ಹೊತ್ತಿಕೊಳ್ಳದಿರಲು ಕಾರಣವೇ ಇಲ್ಲ.

ಆಮೇಲೆ ರಸ್ತೆ ಅಗಲ ಮಾಡುವ ಕೆಲಸ ಬರುತ್ತದೆ. ನಲ್ಲಿ ಪೈಪ್ ಹೂಳುವ ಕೆಲಸ, ಚರಂಡಿ ಕೆಲಸ, ಕಂಬ ನೆಡುವ ಕೆಲಸ. ಜೆಸಿಬಿ ಬಕೆಟ್‌ಗೆ ಸಿಕ್ಕ ಕೇಬಲ್ ಕಡಿದುಹೋಗುವುದಷ್ಟೇ ಅಲ್ಲ, ಎರಡೂ ಕಡೆ ಹಲವು ಮೀಟರ್ ಎಳೆದುಹೋಗಿರುತ್ತದೆ. ಕಡಿದ ತುದಿಗಳು ಒಂದಕ್ಕೊಂದು ಎಟುಕುವುದಿಲ್ಲ. ನಡುವೆ ಹೊಸ ತುಂಡು ಸೇರಿಸಬೇಕು. ಅಂದರೆ ಒಂದು ಕಟ್‌ಗೆ ಎರಡು ಜಾಯಿಂಟ್. ಕೆಲವು ವರ್ಷಗಳಲ್ಲಿ ಎಂಟು ಕಟ್ ಆಯಿತೆನ್ನಿ, ಹದಿನಾರು ಜಾಯಿಂಟ್. ಸಂಜೆಗತ್ತಲಲ್ಲಿ ಮಳೆಯಲ್ಲಿ ಅವಸರದಿಂದ ಮಾಡಿದ್ದು, ತಲಾ ಅರ್ಧ ಡಿಬಿ ಹೋದರೂ ಒಟ್ಟು 8. ಯಾವುದೋ ಬಾಕ್ಸ್‌ನಲ್ಲಿ ಮುಚ್ಚಳಕ್ಕೆ ಸಿಕ್ಕಿ ಬಾಗಿದ ಎಳೆಯಿಂದ 3. ದೂಳು ಕೂತ ಕನೆಕ್ಟರ್‌ನಿಂದ 2. ಹದಿಮೂರು ಡಿಬಿ ಹೀಗೇ ಸೋರಿಹೋಯಿತು. ಇನ್ನು ಉಳಿದದ್ದು ಒಂದಕ್ಕಿಂತ ಕಡಿಮೆ. ಮುಂದಿನ ಮಳೆಗಾಲಕ್ಕೆ ಕೇಬಲ್ ಎಲ್ಲೂ ಕಡಿಯದೆಯೇ ಸಂಪರ್ಕ ಸಾಯುತ್ತದೆ. ‘ಕಟ್ ಎಲ್ಲೂ ಇಲ್ಲ, ಆದರೂ ಬರ್ತಿಲ್ಲ’ ಎಂದು ಲೈನ್‌ಮನ್ ಹೇಳುವುದು ಸುಳ್ಳಲ್ಲ. ಈ ಲೆಕ್ಕ ಒಂದು ಉದಾಹರಣೆ. ಊರಿಂದೂರಿಗೆ ಅಂಕಿ ಬದಲಾಗುತ್ತದೆ, ಸಾಯುವ ರೀತಿ ಇದೇ.

ಮನೆಯ ಫೈಬರ್‌ಗೂ ಈ ಮಾತು ಅನ್ವಯ. ಬಂದು ಮುಟ್ಟಿದ ಬೆಳಕನ್ನು ಅಳೆಯುವ ಪವರ್ ಮೀಟರ್ ಹಿಡಿದಾಗ ಮೈನಸ್ 20ರ ಆಸುಪಾಸಿನ ಅಂಕಿ ಬಂದರೆ ನೆಮ್ಮದಿ; ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೈನಸ್ 27ಕ್ಕೆ ಬಂದರೆ ಅಂಚಿನಲ್ಲಿದೆ, ಇವತ್ತು ಬರುತ್ತದೆ ನಾಳೆ ಹೋಗುತ್ತದೆ. ಹಲವು ಮೋಡೆಮ್‌ಗಳ ಸೆಟ್ಟಿಂಗ್ಸ್ ಪುಟದಲ್ಲೇ ಈ ಅಂಕಿ ಕಾಣುತ್ತದೆ. ‘ಸ್ಪೀಡ್ ಇಲ್ಲ’ ಎನ್ನುವ ಬದಲು ‘ಪವರ್ ಮೈನಸ್ 27 ತೋರಿಸ್ತಿದೆ’ ಎಂದು ದೂರು ಕೊಟ್ಟು ನೋಡಿ, ಆ ಕಡೆಯ ದನಿಯೇ ಬೇರೆಯಾಗುತ್ತದೆ.

ಕೈಕೆಲಸ

ಇಡೀ ಜಾಲದ ಅಳಿವು ಉಳಿವು ನಿಂತಿರುವುದು ಜಾಯಿಂಟ್ ಹಾಕುವ ಕೈಯ ಮೇಲೆ. ಆ ಕೆಲಸವನ್ನು ಹತ್ತಿರ ಕೂತು ನೋಡಬೇಕು. ಮಲೆನಾಡಿನ ರಸ್ತೆ ಬದಿಯಲ್ಲಿ ಓಮ್ನಿ ವ್ಯಾನಿನ ಹಿಂಬಾಗಿಲು ಎತ್ತಿ, ಮೇಲೊಂದು ಟಾರ್ಪಲ್ ಕಟ್ಟಿಕೊಂಡು, ಒಳಗೆ ಎಳೆ ಬೆಸೆಯುವ ಸ್ಪ್ಲೈಸಿಂಗ್ ಮಷಿನ್ ಇಟ್ಟುಕೊಂಡು ಕೂತವರನ್ನು ಹಲವು ಸಲ ನೋಡಿದ್ದೇನೆ.

ಮೊದಲು ಟ್ಯೂಬ್ ಕತ್ತರಿಸಿ ಜೆಲ್ ಒರೆಸುತ್ತಾರೆ. ಎಳೆಗಳನ್ನು ಬಣ್ಣದ ಕ್ರಮದಲ್ಲಿ ಬಿಡಿಸುತ್ತಾರೆ: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿನೀಲಿ. ಹನ್ನೆರಡಾದ ಮೇಲೆ ಮುಂದಿನ ಟ್ಯೂಬ್, ಮತ್ತೆ ಅದೇ ಕ್ರಮ. ಈ ಕ್ರಮ ಬಾಯಿಪಾಠವಾಗದೆ ಯಾರೂ ಜಾಯಿಂಟರ್ ಆಗುವುದಿಲ್ಲ. ಕತ್ತಲಲ್ಲಿ ಬೂದು ಬಿಳಿಯಂತೆ ಕಾಣುತ್ತದೆ. ಅಲ್ಲಿ ತಪ್ಪಿದರೆ ಒಂದು ಪಂಚಾಯಿತಿಯ ಬೆಳಕು ಇನ್ನೊಂದಕ್ಕೆ ಹೋಗುತ್ತದೆ.

ಆಮೇಲೆ ಸ್ಲೀವ್, ಅಂದರೆ ಜಾಯಿಂಟನ್ನು ಕಾಯುವ ಸಣ್ಣ ಕೊಳವೆ, ತೂರಿಸಬೇಕು. ಹೊಸಬರು ಮರೆಯುವುದು ಇದನ್ನೇ. ಜಾಯಿಂಟ್ ಆದ ಮೇಲೆ ಸ್ಲೀವ್ ತೂರಿಸಲು ದಾರಿಯೇ ಇರುವುದಿಲ್ಲ, ಕತ್ತರಿಸಿ ಮತ್ತೆ ಮೊದಲಿನಿಂದ. ಸ್ಟ್ರಿಪ್ಪರ್‌ನಿಂದ ಲೇಪ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿದಾಗ ಶುದ್ಧ ಗಾಜು ಕೀಚ್ ಎಂದು ಸದ್ದು ಮಾಡುತ್ತದೆ. ನುರಿತವರು ಕಣ್ಣಿಗಿಂತ ಆ ಸದ್ದನ್ನು ನಂಬುತ್ತಾರೆ. ನಂತರ ಕ್ಲೀವರ್. ಅದು ಎಳೆಯನ್ನು ಕತ್ತರಿಸುವುದಿಲ್ಲ. ಸಣ್ಣದೊಂದು ಗೀರು ಹಾಕಿ, ಬಾಗಿಸಿ ಮುರಿಯುತ್ತದೆ. ತುದಿ ನೇರ 90 ಡಿಗ್ರಿಯಲ್ಲಿರಬೇಕು, ಒಂದು ಡಿಗ್ರಿ ಓರೆಯಾದರೂ ಹೆಚ್ಚೇ. ಕ್ಲೀವ್ ಆದ ಮೇಲೆ ಆ ತುದಿ ಯಾವುದಕ್ಕೂ ತಾಗಬಾರದು, ಬೆರಳಿಗೂ ಕೂಡ. ಮುರಿದುಬಿದ್ದ ಚೂರನ್ನು ಡಬ್ಬಿಯೊಳಗೇ ಹಾಕಬೇಕು. ಕಣ್ಣಿಗೆ ಕಾಣದ ಗಾಜಿನ ಮುಳ್ಳು ಚರ್ಮದೊಳಗೆ ಹೋದರೆ ತೆಗೆಯುವುದು ಕಷ್ಟ, ಅನ್ನದಲ್ಲಿ ಸೇರಿದರೆ ಇನ್ನೂ ಅಪಾಯ. ಕೆಲಸದ ಜಾಗದಲ್ಲಿ ಊಟ ಮಾಡಬೇಡಿ ಎಂದು ಹಳಬರು ಗದರುವುದು ಇದಕ್ಕೇ.

ಮಷಿನ್‌ನಲ್ಲಿ ಎರಡು ತುದಿಗಳನ್ನು ಎದುರುಬದುರು ಇಟ್ಟು ಮುಚ್ಚಳ ಹಾಕಿದರೆ ಪರದೆಯ ಮೇಲೆ ಎರಡು ದಪ್ಪ ಗೆರೆಗಳು ಕಾಣುತ್ತವೆ. ಮಷಿನ್ ಅವನ್ನು ಸಾಲು ಮಾಡಿ, ವಿದ್ಯುತ್ ಕಿಡಿಯಿಂದ ಕರಗಿಸಿ ಬೆಸೆಯುತ್ತದೆ. ಎರಡು ಕೋರ್‌ಗಳು ಒಂದು ಮೈಕ್ರಾನ್ ಪಕ್ಕಕ್ಕೆ ಸರಿದರೆ ಸುಮಾರು 0.2 ಡಿಬಿ ನಷ್ಟ. ಎರಡು ಮೈಕ್ರಾನ್ ಸರಿದರೆ ದುಪ್ಪಟ್ಟಲ್ಲ, ನಾಲ್ಕು ಪಟ್ಟು, 0.8. ಒಂದು ದೂಳಿನ ಕಣ ಇದಕ್ಕಿಂತ ದೊಡ್ಡದಿರುತ್ತದೆ. ಕಿಡಿಯ ಕಡ್ಡಿಗಳು ಸವೆದಿದ್ದರೆ, ಕ್ಲೀವರಿನ ಬ್ಲೇಡ್ ಮೊಂಡಾಗಿದ್ದರೆ, ಎಷ್ಟು ಒಳ್ಳೆಯ ಕೈಯಾದರೂ ಜಾಯಿಂಟ್ ಕೆಡುತ್ತದೆ.

ಇಲ್ಲಿ ಎಲ್ಲರೂ ತಿಳಿಯಬೇಕಾದ ಒಂದು ಸಂಗತಿ ಇದೆ. ಬೆಸೆದ ಮೇಲೆ ಮಷಿನ್ ತನ್ನ ಪರದೆಯಲ್ಲಿ ‘0.02 ಡಿಬಿ’ ಎಂದು ತೋರಿಸುತ್ತದೆ. ಅದು ಅಳತೆಯಲ್ಲ, ಅಂದಾಜು. ಕ್ಯಾಮೆರಾದಲ್ಲಿ ಕಂಡ ಚಿತ್ರದ ಮೇಲೆ ಮಷಿನ್ ಹಾಕಿದ ಲೆಕ್ಕ. ಬಿಲ್ಲಿಗೆ ಲಗತ್ತಿಸುವ ಫೋಟೋಗಳಲ್ಲಿ ಈ 0.02 ರಾರಾಜಿಸುತ್ತದೆ. ನಿಜವಾದ ನಷ್ಟ ಗೊತ್ತಾಗುವುದು ಎಳೆಯುದ್ದಕ್ಕೂ ಬೆಳಕಿನ ನಷ್ಟ ಅಳೆಯುವ ಓಟಿಡಿಆರ್ ಎಂಬ ಉಪಕರಣ ಹಾಕಿದಾಗ, ಅದೂ ಎರಡೂ ತುದಿಗಳಿಂದ ಅಳೆದು ಸರಾಸರಿ ತೆಗೆದಾಗ. ಒಂದೇ ಕಡೆಯಿಂದ ಅಳೆದರೆ ಕೆಲವೊಮ್ಮೆ ಜಾಯಿಂಟ್‌ನಲ್ಲಿ ಬೆಳಕು ಹೆಚ್ಚಾದಂತೆ ಕಾಣುವುದೂ ಉಂಟು. ಎರಡು ಬೇರೆ ಬೇರೆ ತಯಾರಿಕೆಯ ಫೈಬರ್ ಬೆಸೆದಾಗ ಹಾಗಾಗುತ್ತದೆ.

ಕೊನೆಗೆ ಎಳೆಗಳನ್ನು ಟ್ರೇಯಲ್ಲಿ ಸುತ್ತಿ ಜಾಯಿಂಟ್ ಬಾಕ್ಸ್ ಮುಚ್ಚಬೇಕು. ಮಾಮೂಲಿ ಫೈಬರ್ ಅನ್ನು 30 ಮಿಲಿಮೀಟರ್‌ಗಿಂತ ಕಡಿಮೆ ತ್ರಿಜ್ಯಕ್ಕೆ ಬಾಗಿಸಬಾರದು. ಮನೆಯೊಳಗೆ ಎಳೆಯುವ, ಬಾಗಿದರೂ ಬೆಳಕು ಸೋರದ ಬೇರೆ ಜಾತಿಯ ಫೈಬರ್ ಬಂದಿದೆ. ಅದು 10 ಅಥವಾ 7.5 ಮಿಲಿಮೀಟರ್‌ವರೆಗೂ ತಡೆದುಕೊಳ್ಳುತ್ತದೆ. ಬಾಗಿದ ಕಡೆ 1310ಕ್ಕಿಂತ 1550ರ ಬೆಳಕು ಹೆಚ್ಚು ಸೋರುತ್ತದೆ. ಎರಡೂ ಅಲೆಗಳಲ್ಲಿ ಅಳೆದಾಗ 1550ರಲ್ಲಿ ಮಾತ್ರ ನಷ್ಟ ಜಾಸ್ತಿ ಕಂಡರೆ, ಹುಡುಕಬೇಕಾದ್ದು ಬಾಗಿದ ಎಳೆಯನ್ನು ಎಂದು ನುರಿತವರು ಅಲ್ಲೇ ಹೇಳಿಬಿಡುತ್ತಾರೆ. ಕನೆಕ್ಟರ್‌ಗಳ ಬಗ್ಗೆ ಒಂದೇ ಮಾತು: ಹಸಿರು ಮೂತಿಯದನ್ನು ಹಸಿರಿಗೇ, ನೀಲಿಯದನ್ನು ನೀಲಿಗೇ ಹಾಕಿ. ಹಸಿರಿನದು 8 ಡಿಗ್ರಿ ಓರೆಯಾಗಿ ಉಜ್ಜಿದ್ದು, ನೀಲಿಯದು ನೇರ. ಎರಡೂ ಒಂದರೊಳಗೊಂದು ಕೂರುತ್ತವೆ, ಬೆಳಕು ಮಾತ್ರ ಅಲ್ಲೇ ನಷ್ಟವಾಗುತ್ತದೆ.

ಎಲ್ಲಿ ಕಡಿದಿದೆ ಎಂದು ಗೊತ್ತಾದರೂ

ಓಟಿಡಿಆರ್ ಕೆಲಸ ಮಾಡುವ ಬಗೆ ಸೊಗಸಾದದ್ದು. ಒಂದು ತುದಿಯಿಂದ ಬೆಳಕಿನ ಸಣ್ಣ ಮಿಡಿತ ಕಳಿಸುತ್ತದೆ. ದಾರಿಯುದ್ದಕ್ಕೂ ಗಾಜು ಚೆದುರಿಸಿದ ಬೆಳಕಿನಲ್ಲಿ ತೀರಾ ಸಣ್ಣ ಪಾಲು ಹಿಂದಕ್ಕೆ ಬರುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಒಂದು ಕಿಲೋಮೀಟರ್ ಹೋಗಿ ಬರಲು 10 ಮೈಕ್ರೋಸೆಕೆಂಡ್. ಯಾವಾಗ ಎಷ್ಟು ಬೆಳಕು ಬಂತು ಎಂಬುದನ್ನು ನೋಡಿ ಪರದೆಯ ಮೇಲೆ ಇಳಿಜಾರಿನ ಗೆರೆ ಬರೆಯುತ್ತದೆ. ಜಾಯಿಂಟ್ ಇದ್ದಲ್ಲಿ ಸಣ್ಣ ಮೆಟ್ಟಿಲು, ಕನೆಕ್ಟರ್ ಇದ್ದಲ್ಲಿ ಮೊನೆ, ಕಡಿದಲ್ಲಿ ಪ್ರಪಾತ. ಯಾವ ನಷ್ಟವನ್ನು ನಿವಾರಿಸಲು ಕಾವೊ ಕಾಲದಿಂದ ಹೆಣಗಿದರೋ, ಅದರಲ್ಲಿ ನಿವಾರಿಸಲಾಗದೆ ಉಳಿದ ಚೆದುರುವಿಕೆಯೇ ದೋಷ ಹುಡುಕುವ ಸಾಧನವಾಗಿದೆ ಎಂಬುದು ನನಗೆ ಈ ವಿದ್ಯೆಯಲ್ಲಿ ತುಂಬ ಇಷ್ಟವಾದ ಸಂಗತಿ.

ಹಾಗಿದ್ದೂ ದುರಸ್ತಿಗೆ ದಿನಗಟ್ಟಲೆ ಏಕೆ ಹಿಡಿಯುತ್ತದೆ? ಓಟಿಡಿಆರ್ 3240 ಮೀಟರ್ ಎಂದರೆ ಅದು ಗಾಜಿನ ಉದ್ದ, ರಸ್ತೆಯ ಉದ್ದವಲ್ಲ. ಟ್ಯೂಬಿನೊಳಗೆ ಎಳೆ ಕೇಬಲ್‌ಗಿಂತ ತುಸು ಉದ್ದವಾಗಿರುತ್ತದೆ. ಪ್ರತಿ ಜಾಯಿಂಟ್ ಗುಂಡಿಯಲ್ಲಿ ಹೆಚ್ಚುವರಿ ಕೇಬಲ್ ಸುತ್ತಿಟ್ಟಿರುತ್ತಾರೆ. ಸೇತುವೆಯ ಬಳಿ ಒಂದು ಸುತ್ತು, ತಿರುವಿನಲ್ಲಿ ಇನ್ನೊಂದು. ಕೇಬಲ್ ರಸ್ತೆಯ ಎಡದಲ್ಲಿದೆಯೋ ಬಲದಲ್ಲಿದೆಯೋ, ಎಲ್ಲಿ ದಾಟಿದೆ, ಗುಂಡಿ ಎಲ್ಲಿದೆ ಎಂಬ ನಕ್ಷೆ ಕೈಯಲ್ಲಿದ್ದರೆ ಕಡಿದ ಜಾಗಕ್ಕೆ ನೇರ ಹೋಗಬಹುದು. ನಕ್ಷೆ ಇಲ್ಲದಿದ್ದರೆ ಅರ್ಧ ದಿನ ಅಗೆಯುವುದರಲ್ಲೇ ಹೋಗುತ್ತದೆ, ಅಗೆಯುವಾಗ ಇನ್ನೊಂದು ಕಡೆ ಗುದ್ದಲಿ ತಾಗುತ್ತದೆ. ದಾರಿ ಗೊತ್ತಿದ್ದ ಗುತ್ತಿಗೆದಾರರ ಕಡೆಯ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದರೆ, ಆ ತಾಲ್ಲೂಕಿನ ನಕ್ಷೆಯೇ ಬಸ್ ಹತ್ತಿದಂತೆ.

ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಬಾರಿ ಫೈಬರ್ ಕೇಬಲ್ ಕಡಿಯುತ್ತದೆ, ಇದರಿಂದ 3000 ಕೋಟಿ ರೂಪಾಯಿ ನಷ್ಟ ಎಂದು ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತರುವಾಗ ಕೇಂದ್ರ ಸರ್ಕಾರವೇ ಹೇಳಿತ್ತು. 2023ರ ಮಾರ್ಚ್ 22ರಂದು ಪ್ರಧಾನಿ ಅದನ್ನು ಬಿಡುಗಡೆ ಮಾಡಿದರು. ಅಗೆಯುವವರು ಮೊದಲೇ ಜಾಗ ತಿಳಿಸಿದರೆ ಅಲ್ಲಿ ಕೇಬಲ್, ಪೈಪ್ ಇರುವವರಿಗೆ ಸಂದೇಶ ಹೋಗುತ್ತದೆ. ಒಳ್ಳೆಯ ಏರ್ಪಾಡು. ಆದರೆ ನಲ್ಲಿ ಪೈಪಿನ ಕಾಲುವೆ ತೋಡಲು ದಿನಬಾಡಿಗೆಗೆ ಬಂದ ಜೆಸಿಬಿ ಆಪರೇಟರ್‌ಗೆ ಆ ಆ್ಯಪ್ ಇದೆ ಎಂದು ಹೇಳುವವರು ಯಾರು? ಗುತ್ತಿಗೆಯ ಷರತ್ತಿನಲ್ಲಿ ಬರೆದು, ಬಿಲ್ ಪಾಸಾಗುವ ಮುನ್ನ ಕೇಳುವವರೆಗೆ ಅದು ಫೋನಿಗೆ ಇಳಿಯುವುದಿಲ್ಲ. ತನ್ನ ಕಾಮಗಾರಿಗಳಿಗಾದರೂ ಪಂಚಾಯಿತಿ ಈ ಷರತ್ತು ಹಾಕಲು ನೋಡಬೇಕು.

ಆಳದ ಮಾತೂ ಇದೆ. ಫೈಬರ್ ಕೊಳವೆಯನ್ನು 1.65 ಮೀಟರ್ ಆಳದಲ್ಲಿ ಹೂಳಬೇಕೆಂಬುದು ಬಿಎಸ್‌ಎನ್‌ಎಲ್ ಕಾಲದಿಂದ ಬಂದ ಕ್ರಮ. ಬಂಡೆ ಸಿಕ್ಕ ಕಡೆ ಕಡಿಮೆ ಆಳಕ್ಕೂ ಅವಕಾಶವಿದೆ, ಆದರೆ ಕಬ್ಬಿಣದ ಪೈಪ್ ಅಥವಾ ಕಾಂಕ್ರೀಟ್ ರಕ್ಷಣೆ ಕೊಡಬೇಕು. ಒಂದೂವರೆ ಮೀಟರ್ ದಾಟಿ ಹೂತ ಕೇಬಲ್‌ಗೆ ಚರಂಡಿ ಕೆಲಸದ ಗುದ್ದಲಿ ತಾಗುವುದಿಲ್ಲ. ಮೊಣಕಾಲುದ್ದದ ಗುಂಡಿಯಲ್ಲಿ ಮಲಗಿಸಿ ಮಣ್ಣು ಮುಚ್ಚಿದ್ದಕ್ಕೆ ತಾಗುತ್ತದೆ. ಮೇಲಿನಿಂದ ನೋಡಿದರೆ ಎರಡೂ ಒಂದೇ.

ಬೆಂಗಳೂರಿನಲ್ಲಿ ಈ ಸಮಸ್ಯೆಯ ಇನ್ನೊಂದು ಮುಖ ಕಣ್ಣೆದುರೇ ತೂಗಾಡುತ್ತಿದೆ. ನೆಲದಡಿ ಹೋಗಬೇಕಾದ ಕೇಬಲ್‌ಗಳು ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಹಬ್ಬಿವೆ. ತೆರವಿಗೆ ಪಾಲಿಕೆ, ಬೆಸ್ಕಾಂ ಎರಡೂ ಗಡುವು ಕೊಟ್ಟದ್ದುಂಟು, ಕತ್ತರಿಸಿದ್ದೂ ಉಂಟು. ಪಾದಚಾರಿಗಳ ಕುತ್ತಿಗೆಗೆ ತಾಗುವಂತೆ ಜೋತುಬಿದ್ದ ಕೇಬಲ್ ತೆಗೆಯಲೇಬೇಕು. ಮಲೆನಾಡಿನಲ್ಲಿ ಅಡಕೆ ಮರಕ್ಕೆ, ಕರೆಂಟ್ ಕಂಬಕ್ಕೆ ಕಟ್ಟಿಕೊಂಡು ಹೋದ ಕೇಬಲನ್ನು ಅದೇ ಕಣ್ಣಿನಿಂದ ನೋಡಲು ನನಗೆ ಮನಸ್ಸಾಗುವುದಿಲ್ಲ. 2020ರ ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಮೇಲೆ, ಒಂಟಿಮನೆಗಳಿಗೂ ಫೈಬರ್ ಮುಟ್ಟಿದ್ದು ಬಿಎಸ್‌ಎನ್‌ಎಲ್ ಜೊತೆ ಸೇರಿದ ಸ್ಥಳೀಯ ಕೇಬಲ್‌ನವರ ಈ ಹಾದಿಯಲ್ಲೇ. ಗಾಳಿಮಳೆಗೆ ಮರ ಬಿದ್ದು ಕಡಿಯುತ್ತದೆ, ನಿಜ. ಕಡಿದದ್ದು ಕಣ್ಣಿಗೆ ಕಾಣುತ್ತದೆ, ಊರಿನವರೇ ಫೋನ್ ಮಾಡುತ್ತಾರೆ, ಸಂಜೆಯೊಳಗೆ ಕೇಬಲ್ ಹುಡುಗ ಬೈಕಿನಲ್ಲಿ ಮಷಿನ್ ಹೊತ್ತು ಬರುತ್ತಾನೆ. ಹೂತಿಟ್ಟ ಸರ್ಕಾರಿ ಕೇಬಲ್ ಸತ್ತಾಗ ಅದರ ಪಕ್ಕದಲ್ಲೇ ನೇತಾಡುವ ಕೇಬಲ್ ಬದುಕಿರುವುದು ಇದೇ ಕಾರಣಕ್ಕೆ. ಅದನ್ನು ನೋಡಿಕೊಳ್ಳುವ ಮನುಷ್ಯ ಹತ್ತಿರ ಇದ್ದಾನೆ, ಸಂಪರ್ಕ ನಿಂತರೆ ತಿಂಗಳ ಬಿಲ್ ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿದೆ.

ಉಂಗುರ ಬಂದರೆ ಸಾಕೇ

ಭಾರತ್‌ನೆಟ್‌ನ ಮೊದಲ ಹಂತದ ವಿನ್ಯಾಸದಲ್ಲೇ ಎರಡು ದೌರ್ಬಲ್ಯಗಳಿದ್ದವು. ತಾಲ್ಲೂಕು ಕೇಂದ್ರದಿಂದ ಅರ್ಧ ದಾರಿಯವರೆಗೆ ಬಿಎಸ್‌ಎನ್‌ಎಲ್‌ನ ಹಳೆಯ ಫೈಬರ್ ಬಳಸಿ, ಅಲ್ಲಿಂದ ಮುಂದೆ ಪಂಚಾಯಿತಿಗೆ ಹೊಸ ಕೇಬಲ್ ಎಳೆದರು. ಹೊಸತು ಎಷ್ಟೇ ಚೆನ್ನಾಗಿದ್ದರೂ ಹಿಂದಿನ ತುಂಡು ಹಲವು ಬಾರಿ ಕಡಿದು ಬೆಸೆದದ್ದು. ಮೇಲೆ ಹೇಳಿದಂಥ ಜಾಯಿಂಟ್ ನಷ್ಟದಲ್ಲಿ ಅದರ ಪಾಲೇ ದೊಡ್ಡದು. ಎರಡನೆಯದು, ಮಾರ್ಗ ಕೊಂಬೆಯಂತೆ ಒಂದೇ ದಿಕ್ಕಿಗೆ ಹೋಗುತ್ತಿತ್ತು; ಬುಡದಲ್ಲಿ ಕಡಿದರೆ ಆಚೆಯ ಪಂಚಾಯಿತಿಗಳೆಲ್ಲ ಕತ್ತಲು.

2023ರಲ್ಲಿ ಒಪ್ಪಿದ ಪರಿಷ್ಕೃತ ಯೋಜನೆ ಇದನ್ನು ಸರಿಪಡಿಸಲು ಹೊರಟಿದೆ. ತಾಲ್ಲೂಕಿನಿಂದ ಪಂಚಾಯಿತಿಗಳವರೆಗೆ ಉಂಗುರದ ಮಾದರಿ, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬೆಳಕು. ಕಟ್ಟಿದವರೇ 10 ವರ್ಷ ನಡೆಸಿ ನಿರ್ವಹಿಸಬೇಕೆಂಬ ಷರತ್ತು. ಐದು ವರ್ಷದಲ್ಲಿ ಗ್ರಾಮೀಣ ಭಾಗದ 1.5 ಕೋಟಿ ಮನೆಗಳಿಗೆ ಸಂಪರ್ಕ. ದಿಕ್ಕು ಸರಿಯಾಗಿದೆ, ನಿರ್ವಹಣೆಯನ್ನು ಗುತ್ತಿಗೆಯೊಳಗೇ ತಂದದ್ದು ಎಲ್ಲಕ್ಕಿಂತ ಮುಖ್ಯ ಬದಲಾವಣೆ.

ಆದರೂ ಉಂಗುರದ ಎರಡು ತೋಳುಗಳು ಒಂದೇ ರಸ್ತೆಯ ಒಂದೇ ಕಾಲುವೆಯಲ್ಲಿ ಹೋದರೆ ಜೆಸಿಬಿಯ ಒಂದೇ ಏಟಿಗೆ ಎರಡೂ ಹೋಗುತ್ತವೆ. ಘಟ್ಟದ ಕಡೆ ಬೇರೆ ರಸ್ತೆ ಇಲ್ಲ ಎಂಬ ನೆಪ ಸುಲಭವಾಗಿ ಸಿಗುತ್ತದೆ. ಒಂದು ತೋಳು ಸತ್ತಾಗ ಇನ್ನೊಂದರಿಂದ ಕೆಲಸ ನಡೆಯುವುದರಿಂದ ಸತ್ತದ್ದು ಯಾರ ಗಮನಕ್ಕೂ ಬರದೆ ಉಳಿಯುವ ಅಪಾಯವೂ ಇದೆ. ಎರಡನೆಯದು ಕಡಿದ ದಿನವೇ ಮೊದಲನೆಯದು ತಿಂಗಳುಗಳಿಂದ ಸತ್ತಿತ್ತೆಂದು ತಿಳಿಯುತ್ತದೆ. ಇದಕ್ಕೆ ಮದ್ದು ಪ್ರತಿ ತೋಳಿನ ಬೆಳಕನ್ನೂ ಬೇರೆಬೇರೆಯಾಗಿ ಅಳೆದು ಬರೆದಿಡುವುದು. ಉಪಕರಣಗಳು ಆ ಅಂಕಿಯನ್ನು ತಾವೇ ಕೊಡುತ್ತವೆ. ತಿಂಗಳಿಗೊಮ್ಮೆ ಬರೆದಿಟ್ಟರೆ ಮೈನಸ್ 19 ಇದ್ದದ್ದು 21 ಆಗಿ, 24 ಆಗಿ ಇಳಿಯುವುದು ಕಾಣುತ್ತದೆ. ಸಾಯುವ ಮೊದಲೇ ಹೋಗಿ ಕೆಟ್ಟ ಜಾಯಿಂಟ್ ಬಿಚ್ಚಿ ಹೊಸದಾಗಿ ಹಾಕಬಹುದು. ಇಷ್ಟು ಎಳೆ, ಇಷ್ಟು ದೂರ ಎಂದು ವರದಿ ಕೊಡುವ ಕೋಷ್ಟಕಕ್ಕೆ ಇದೊಂದು ಕಾಲಂ ಸೇರಿಸಲು ಖರ್ಚೇನೂ ಇಲ್ಲ.

ಖರ್ಚು ಮಾಡಬೇಕಾದ್ದು ಕೈಗಳ ಮೇಲೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳೇ ಆರು ಸಾವಿರದ ಹತ್ತಿರ ಇವೆ. ಈ ಜಾಲದ ಜೊತೆಗೆ ಮೊಬೈಲ್ ಟವರ್‌ಗಳಿಗೂ ಫೈಬರ್ ಬೇಕು, ಮನೆಗಳಿಗೂ ಬೇಕು. ಇಷ್ಟನ್ನೂ ಬೆಸೆಯುವವರು ಬಹುಪಾಲು ಕೆಲಸದ ಮೇಲೇ ಕಲಿತವರು, ಜಾಯಿಂಟ್ ಲೆಕ್ಕದಲ್ಲಿ ಕೂಲಿ ಪಡೆಯುವವರು. ಜಾಯಿಂಟಿಗಿಷ್ಟು ಎಂದು ಕೂಲಿ ಕೊಟ್ಟರೆ ಒಂದು ದಿನದಲ್ಲಿ ಎಷ್ಟು ಹಾಕಿದ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. ಮತ್ತೊಮ್ಮೆ ಒರೆಸಿ, ಮತ್ತೊಮ್ಮೆ ಕ್ಲೀವ್ ಮಾಡಿ ಹಾಕುವವನು ಕಡಿಮೆ ದುಡಿಯುತ್ತಾನೆ. ಎರಡೂ ಕಡೆಯಿಂದ ಅಳೆದ ನಷ್ಟ 0.1ಕ್ಕಿಂತ ಕಡಿಮೆ ಬಂದ ಜಾಯಿಂಟಿಗೆ ಹೆಚ್ಚು ಕೂಲಿ ಎಂದಾದರೆ ಕೆಲಸದ ಗುಣ ಒಂದೇ ಮಳೆಗಾಲದಲ್ಲಿ ಬದಲಾಗುತ್ತದೆ. ತಾಲ್ಲೂಕಿನ ಐಟಿಐಗಳಲ್ಲಿ ಒಂದು ಸ್ಪ್ಲೈಸಿಂಗ್ ಮಷಿನ್, ಒಂದು ಓಟಿಡಿಆರ್, ಕೆಲವು ಕಿಲೋಮೀಟರ್ ಹಳೆಯ ಫೈಬರ್ ಸುರುಳಿ ಇದ್ದರೆ ಆ ಊರಿನ ಹುಡುಗ ಹುಡುಗಿಯರು ಅಲ್ಲೇ ಕಲಿಯುತ್ತಾರೆ. ತಾಳ್ಮೆ, ಶುಚಿ, ಸೂಕ್ಷ್ಮ ಬೆರಳು ಬೇಡುವ ಈ ಕೆಲಸಕ್ಕೆ ಹುಡುಗಿಯರು ಬರದಿರಲು ನನಗೆ ಒಂದು ಕಾರಣವೂ ಕಾಣುವುದಿಲ್ಲ.

ಹೊಸ ಉಂಗುರದ ಕೇಬಲ್ ನಿಮ್ಮ ಊರಿನ ರಸ್ತೆಯಲ್ಲಿ ಇಳಿಯುವಾಗ ಪಂಚಾಯಿತಿಯವರು ಕೇಳಿ ಪಡೆಯಬೇಕಾದ್ದು ಮೂರು ವಸ್ತು. ಪ್ರತಿ ಎಳೆಯನ್ನು 1310 ಮತ್ತು 1550ರಲ್ಲಿ, ಎರಡೂ ತುದಿಗಳಿಂದ ಅಳೆದ ಓಟಿಡಿಆರ್ ಗೆರೆಗಳ ಪ್ರತಿ. ಎಡಬಲ, ಆಳ, ಗುಂಡಿ, ಸುತ್ತಿಟ್ಟ ಹೆಚ್ಚುವರಿ ಕೇಬಲ್ ಎಲ್ಲವನ್ನೂ ಗುರುತಿಸಿದ ದಾರಿಯ ನಕ್ಷೆ. ಹಸ್ತಾಂತರದ ದಿನ ಓಎನ್‌ಟಿ ತುದಿಯಲ್ಲಿ ಪವರ್ ಮೀಟರ್ ತೋರಿಸಿದ ಅಂಕಿ, ದಿನಾಂಕ ಮತ್ತು ಸಹಿಯೊಂದಿಗೆ. ಇವನ್ನು ಪೆಟ್ಟಿಗೆಯ ಪಕ್ಕದಲ್ಲೇ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ನಕ್ಷೆಯ ಇನ್ನೊಂದು ಪ್ರತಿಯನ್ನು ನೀರುಗಂಟಿಗೆ ಕೊಡಿ. ಪೈಪ್ ಒಡೆದಾಗ ಊರಿನಲ್ಲಿ ಮೊದಲು ನೆಲ ಅಗೆಯುವವರು ಅವರೇ.